ಕೆಂಪು ದಾರದ ಹತ್ತು ದಿನ

೧೯೫೬ನೇ ಇಸವಿ ಫೆಬ್ರವರಿ ೬, ಸೋಮವಾರ, ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಟೈಫಾಯ್ಡ್ ಜ್ವರದಲ್ಲಿ ಇಪ್ಪತ್ತಮೂರು ದಿನ ಮಲಗಿದ್ದ ನಮ್ಮಣ್ಣ ಅವತ್ತು ಮೊದಲ ಸಲ ಮಂಚದಿಂದ ಕಾಲು ಕೆಳಗಿಟ್ಟ. ಬಲಗಾಲು ಊರಿದ. ಎಡಗಾಲು ಊರಿದವನು ಹಾಗೇ ಕೂತುಬಿಟ್ಟ.

"ಈ ಕಾಲು ನಂದಲ್ಲ ಕಣಮ್ಮಿ," ಅಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಪಂಚೆ ಸರಿಸಿ ನೋಡಿದರೆ ಮಂಡಿಯಿಂದ ಕೆಳಗೆ ಬಾಳೆದಿಂಡಿನ ಹಾಗೆ ಬೆಳ್ಳಗೆ, ಬಿಗಿಯಾಗಿ ಊದಿತ್ತು. ಬೆರಳಿಟ್ಟು ಒತ್ತಿದ ಕಡೆ ಗುಳಿ ಬಿತ್ತು. ಆ ಗುಳಿ ತುಂಬಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸಿದೆ. ನಲವತ್ತರವರೆಗೆ ಎಣಿಸಿ ಬಿಟ್ಟೆ.

ಎಣಿಸುವುದು, ಬರೆದಿಡುವುದು ನನಗೆ ಹೈಸ್ಕೂಲಿನಿಂದ ಅಂಟಿದ ಅಭ್ಯಾಸ. ಅವತ್ತಿಗೆ ನನಗೆ ಇಪ್ಪತ್ತು ವರ್ಷ. ಚಾಮರಾಜನಗರದಲ್ಲಿ ಪ್ರೈಮರಿ ಶಾಲೆಯ ಉಪಾಧ್ಯಾಯಿನಿ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು, ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಓಡಾಡುವ ಒಂದು ಖಾಸಗಿ ಬಸ್ಸಿನ ಡ್ರೈವರು. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನಮ್ಮನ್ನು ಸಾಕಿದವಳು ಅಜ್ಜಿ, ಅಪ್ಪನ ತಾಯಿ. ಅವಳು ಕುದೇರಿನವಳು. ಮನೆಯಲ್ಲಿ ನಾವು ಮೂರೇ ಜನ.

ಅವತ್ತು ಸಾಯಂಕಾಲ ಡಾಕ್ಟರು ಮನೆಗೆ ಬಂದರು. ಅಣ್ಣನ ಎಡಪಾದವನ್ನು ಹಿಡಿದು ನಿಧಾನವಾಗಿ ಮೊಣಕಾಲಿನ ಕಡೆಗೆ ಬಗ್ಗಿಸಿದರು. ಅಣ್ಣ ಹಲ್ಲು ಕಚ್ಚಿದ.

"ಎಲ್ಲಿ ನೋವು?"

"ಮೀನಖಂಡದಾಗೆ ಸಾ. ಒಳಗ್ನಿಂದ."

ಡಾಕ್ಟರು ಕೈ ತೊಳೆದುಕೊಂಡು ನನ್ನನ್ನು ಹಜಾರಕ್ಕೆ ಕರೆದರು. ಬಹಳ ದಿನ ಅಲ್ಲಾಡದೆ ಮಲಗಿದ್ದರಿಂದ ಕಾಲಿನ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದರು. ಹೆಪ್ಪು ಇದ್ದಲ್ಲೇ ಇದ್ದರೆ ಕಾಲು ಊದುತ್ತದೆ, ಅಷ್ಟೆ. ಅದರ ಒಂದು ಚೂರು ಕಿತ್ತುಕೊಂಡು ಮೇಲಕ್ಕೆ ಹೋದರೆ ಶ್ವಾಸಕೋಶಕ್ಕೆ ಸಿಕ್ಕಿಕೊಳ್ಳುತ್ತದೆ. "ಆಮೇಲೆ ನಾನು ಬರೋ ಅಷ್ಟರಲ್ಲಿ ಕೆಲಸ ಮುಗಿದಿರುತ್ತೆ," ಎಂದರು. ಕಾಲು ತಿಕ್ಕಬಾರದು, ಅವನನ್ನು ಎದ್ದು ನಿಲ್ಲಿಸಬಾರದು, ಮಂಚದ ಕಾಲಗಡೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರ ಮಾಡಬೇಕು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದೆ.

"ಕೊಯ್ದು ನೋಡೋಕಾಗುತ್ತೇನಮ್ಮ? ಟೇಪು ಹಿಡಿದು ಅಳೆಯಬೇಕು. ಎರಡು ಕಾಲನ್ನೂ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಬೆಳಗ್ಗೆ ಏಳೋ ಮುಂಚೆ. ಒಳ್ಳೆ ಕಾಲಿಗೂ ಇದಕ್ಕೂ ಇರೋ ವ್ಯತ್ಯಾಸ ಮೂರು ದಿನ ಒಂದೇ ಸಮ ಅರ್ಧ ಇಂಚು, ಇಲ್ಲ ಅದಕ್ಕಿಂತ ಕಡಿಮೆ ಇದ್ದರೆ ನನಗೆ ತೋರಿಸು. ಆಮೇಲೆ ಏಳಿಸೋಣ."

ಈ ಮಾತನ್ನು ಅವತ್ತೇ ಪುಸ್ತಕದಲ್ಲಿ ಬರೆದುಕೊಂಡೆ. 'ನನಗೆ ತೋರಿಸು' ಎಂಬುದನ್ನೂ ಬರೆದುಕೊಂಡೆ. ಅದು ಈಗಲೂ ನನ್ನ ಕೈಬರಹದಲ್ಲೇ ಇದೆ.

ಟೇಪು ಸಿಕ್ಕಿದ್ದು ಎಂಟನೇ ತಾರೀಕು. ಬೇಗ ಅಳಿಸದ ಕಾಪಿಯಿಂಗ್ ಪೆನ್ಸಿಲನ್ನು ಒದ್ದೆ ಮಾಡಿ, ಎರಡೂ ಕಾಲಿನಲ್ಲಿ ಮಂಡಿಚಿಪ್ಪಿನಿಂದ ಆರು ಇಂಚು ಕೆಳಗೆ ನೇರಳೆ ಬಣ್ಣದ ಗೆರೆ ಎಳೆದೆ. ಬಲಗಾಲು ಹದಿಮೂರೂವರೆ ಇಂಚು. ಎಡಗಾಲು ಹದಿನಾರೂಕಾಲು. ಒಂಬತ್ತನೇ ತಾರೀಕೂ ಅಷ್ಟೇ. ಹತ್ತು, ಹನ್ನೊಂದಕ್ಕೆ ಹದಿನಾರು. ಹನ್ನೆರಡು, ಹದಿಮೂರಕ್ಕೆ ಹದಿನೈದೂ ಮುಕ್ಕಾಲು. ಇಳಿಯುತ್ತಿದೆ ಎಂದು ನನಗೆ ಧೈರ್ಯ ಬಂತು.

ಅಣ್ಣನಿಗೆ ಮಾತ್ರ ಒಂದೇ ಚಿಂತೆ. ಅವನ ಬಸ್ಸು ಬೇರೊಬ್ಬ ಡ್ರೈವರ ಕೈಯಲ್ಲಿತ್ತು. ಕ್ಲಚ್ಚು ತುಳಿಯುವುದು ಎಡಗಾಲು. ದಿನಾ ಮಧ್ಯಾಹ್ನ ಅವನ ಕಂಡಕ್ಟರು ಬಂದು ಮಂಚದ ಪಕ್ಕ ಕೂತು ರೇಗಿಸುತ್ತಿದ್ದ.

"ಏನ್ಲಾ, ಆನೆಕಾಲು ಬಂದದಂತಲ್ಲ ನಿಂಗೆ? ಬಂಡೀಪುರದ ಕಡೆ ಓಗ್ಬೇಡ ಕಣ್ಲಾ, ಹೆಣ್ಣಾನೆ ಅಟ್ಟುಸ್ಕಂಡು ಬಂದಾದು."

"ಮುಚ್ಕಂಡು ಯೋಳ್ಲಾ, ಆ ಹೊಸಬ ಗೇರು ಕಿರ್ ಅನ್ನುಸ್ತಾನಾ?"

"ತೆರಕಣಾಂಬಿ ದಾಟೋವರ್ಗೂ ಕಿರ್ ಅಂತಾನೇ ಇರ್ತದೆ. ಪ್ಯಾಸೆಂಜರೆಲ್ಲ ನಿನ್ನೇ ಕೇಳ್ತಾರೆ."

ಅದನ್ನು ಕೇಳಿದ ದಿನ ಅಣ್ಣ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ನನಗೆ ಗುಂಡ್ಲುಪೇಟೆಯಲ್ಲಿ ಹನ್ನೆರಡು ದಿನದ ಉಪಾಧ್ಯಾಯರ ಶಿಬಿರಕ್ಕೆ ಹೋಗಲೇಬೇಕೆಂದು ಆರ್ಡರು ಬಂತು. ಹದಿಮೂರನೇ ತಾರೀಕು ಮಧ್ಯಾಹ್ನ ಹೊರಡಬೇಕು. ಅಳತೆ ಯಾರು ತೆಗೆಯುವುದು? ಅಣ್ಣನಿಗೆ ಇಂಚು ಓದಲು ಬರುತ್ತದೆ, ನಿಜ. ಆದರೆ ಅವನ ಕೈಗೆ ಟೇಪು ಕೊಟ್ಟರೆ ಮೂರೇ ದಿನದಲ್ಲಿ ಕಾಲು ಗುಣವಾಗಿಬಿಡುತ್ತಿತ್ತು. ಹನ್ನೊಂದನೇ ತಾರೀಕು ಪರೀಕ್ಷೆಗೆಂದು ಕೊಟ್ಟು ನೋಡಿದ್ದೆ. ಹದಿನಾರು ಇಂಚನ್ನು ಹದಿನಾಲ್ಕು ಎಂದು ಓದಿ, ಕಣ್ಣು ಮಿಟುಕಿಸದೆ ನನ್ನ ಮುಖ ನೋಡಿದ್ದ. ಅಜ್ಜಿ ಅಂಥವಳಲ್ಲ. ಅವಳು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಆದರೆ ಅವಳಿಗೆ ಅಂಕಿ ಬರುವುದಿಲ್ಲ.

ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಒಂದು ಉಂಡೆ ಬಿಳಿ ದಾರ, ಒಂದು ಉಂಡೆ ಕೆಂಪು ದಾರ ತಂದೆ. ಬಿಳಿಯದು ಬಲಗಾಲಿಗೆ, ಕೆಂಪು ಎಡಗಾಲಿಗೆ. ನೇರಳೆ ಗೆರೆಯ ಮೇಲೆ ಒಂದು ಸುತ್ತು ಸುತ್ತಿ, ತುದಿ ಸೇರಿದ ಕಡೆ ಕತ್ತರಿಸಿ, ಎರಡು ದಾರವನ್ನೂ ಒಂದು ಲಕೋಟೆಗೆ ಹಾಕಬೇಕು. ಮಧ್ಯಾಹ್ನ ಕಂಡಕ್ಟರು ಬಂದು ತೆಗೆದುಕೊಳ್ಳುತ್ತಾನೆ. ಎರಡೂವರೆಗೆ ಹೊರಟ ಬಸ್ಸು ನಾಲ್ಕೂಕಾಲಕ್ಕೆ ಗುಂಡ್ಲುಪೇಟೆ ಸೇರುತ್ತದೆ. ಅಲ್ಲಿ ನಾನು ಅಡಿಪಟ್ಟಿ ಇಟ್ಟು ಅಳೆಯುತ್ತೇನೆ. ಅಜ್ಜಿಯ ಕೈಯಲ್ಲಿ ಎರಡು ಬೆಳಗ್ಗೆ ಅಭ್ಯಾಸ ಮಾಡಿಸಿದೆ. ದಾರಕ್ಕೂ ಟೇಪಿಗೂ ಕೂದಲಷ್ಟೂ ವ್ಯತ್ಯಾಸ ಬರಲಿಲ್ಲ.

"ದಾರ ಕತ್ರುಸೋದು ನಂಗೇನ್ ಹೊಸ್ದಾ ಕೂಸೇ," ಎಂದಳು ಅಜ್ಜಿ. "ನೀನು ಓಗಿದ್ ಬಾ. ಕಾಲು ಇಳಿಸೋ ಜವಾಬ್ದಾರಿ ನಂದು."

ಅವಳ ಈ ಮಾತನ್ನು ನಾನು ಬರೆದುಕೊಳ್ಳಲಿಲ್ಲ. ಅಳತೆಗೆ ಸಂಬಂಧವಿಲ್ಲದ ಮಾತು ಎಂದು ಬಿಟ್ಟೆ.

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಈರುಳ್ಳಿ ಮೂಟೆಗಳ ನಡುವೆ ದಿನಾ ನಾಲ್ಕೂಕಾಲಕ್ಕೆ ಕಾದು ನಿಲ್ಲುತ್ತಿದ್ದೆ. ಕಂಡಕ್ಟರು ಟಿಕೆಟ್ ಚೀಲದಿಂದ ಲಕೋಟೆ ತೆಗೆದು, ತಂತಿ ಜವಾನನ ಹಾಗೆ ಸೆಟೆದು ನಿಂತು ಕೊಡುತ್ತಿದ್ದ.

"ಟೀಚರಮ್ಮೋರೆ, ತಕ್ಕಳಿ ನಿಮ್ಮಣ್ಣನ ಕಾಲು. ಲಗೇಜ್ ಚಾರ್ಜು ಆಮ್ಯಾಕ್ ಕೊಡಿ."

ಹದಿನಾಲ್ಕನೇ ತಾರೀಕು ಕೆಂಪು ದಾರ ಹದಿನೈದೂವರೆ ಇಂಚು ಇತ್ತು. ಹದಿನೈದಕ್ಕೆ ಹದಿನೈದೂಕಾಲು. ಹದಿನಾರಕ್ಕೆ ಹದಿನೈದು. ಬಿಳಿ ದಾರ ಮಾತ್ರ ದಿನಾ ಹದಿಮೂರೂವರೆ. ದಾರಗಳನ್ನು ಪುಸ್ತಕದ ಹಾಳೆಗೆ ಒಂದರ ಕೆಳಗೊಂದು ಅಂಟಿಸಿದೆ. ಶಿಬಿರದಲ್ಲಿ ಕೊಟ್ಟ ಗ್ರಾಫ್ ಕಾಗದದಲ್ಲಿ ಚುಕ್ಕೆ ಇಟ್ಟೆ. ಆರು ಚುಕ್ಕೆಗಳಾದ ಮೇಲೆ ಅಡಿಪಟ್ಟಿ ಇಟ್ಟು ನೋಡಿದರೆ ಒಂದು ಚುಕ್ಕೆಯೂ ಗೆರೆಯಿಂದ ಆಚೀಚೆ ಇರಲಿಲ್ಲ. ದಿನಕ್ಕೆ ಕಾಲಿಂಚು, ತಪ್ಪದೆ. ನಾನು ಕಲಿಸಿಕೊಟ್ಟ ಅಳತೆ ಇಷ್ಟು ಚೊಕ್ಕವಾಗಿ ಬರುತ್ತಿದೆಯಲ್ಲ ಎಂದು ಹೆಮ್ಮೆಪಟ್ಟೆ. ಆ ಗೆರೆಯನ್ನು ಕೋಣೆಯಲ್ಲಿದ್ದ ಉಪಾಧ್ಯಾಯಿನಿಯರಿಗೆಲ್ಲ ತೋರಿಸಿದೆ. ನಾನು ಮನೆಯಲ್ಲಿ ಅಳೆದ ಆರು ದಿನದಲ್ಲಿ ಕಾಲು ಒಂದು ದಿನ ಇಳಿದು ಒಂದು ದಿನ ನಿಂತು ನಡೆದಿತ್ತು. ಅಜ್ಜಿಯ ಅಳತೆಯಲ್ಲಿ ಅದು ಒಂದು ದಿನವೂ ನಿಲ್ಲಲಿಲ್ಲ. ಇದನ್ನು ನೋಡಿಯೂ ನನಗೆ ಸಂಶಯ ಬರಲಿಲ್ಲ.

ಇಪ್ಪತ್ತನೇ ತಾರೀಕು ಹದಿನಾಲ್ಕು ಇಂಚು, ವ್ಯತ್ಯಾಸ ಅರ್ಧ. ಇಪ್ಪತ್ತೊಂದಕ್ಕೆ ವ್ಯತ್ಯಾಸ ಕಾಲಿಂಚು. ಇಪ್ಪತ್ತೆರಡನೇ ತಾರೀಕು ಬುಧವಾರ ಕೆಂಪು ದಾರ, ಬಿಳಿ ದಾರ ಎರಡೂ ಒಂದೇ ಉದ್ದ. ಮೂರು ದಿನ ತುಂಬಿತ್ತು. ಅವತ್ತೇ ಅಣ್ಣನಿಗೆ ಒಂದು ಚೀಟಿ ಬರೆದು ಕಂಡಕ್ಟರ ಕೈಗೆ ಕೊಟ್ಟೆ. ಬಸ್ಸು ರಾತ್ರಿ ಅಲ್ಲೇ ತಂಗಿ ಬೆಳಗ್ಗೆ ಏಳಕ್ಕೆ ವಾಪಸು ಹೋಗುತ್ತಿತ್ತು. ಚೀಟಿಯಲ್ಲಿ ಎರಡೇ ಸಾಲು: 'ಎರಡು ಕಾಲೂ ಸಮ ಆಗಿದೆ. ಇನ್ನು ನೀನು ಏಳಬಹುದು.'

ಡಾಕ್ಟರಿಗೆ ತೋರಿಸು ಎಂದು ಬರೆಯಲಿಲ್ಲ. ಮರೆತೆನೋ, ಗೆರೆಯ ಸಂತೋಷದಲ್ಲಿ ಬೇಡ ಅನ್ನಿಸಿತೋ, ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ಇಪ್ಪತ್ತಮೂರನೇ ತಾರೀಕು ಗುರುವಾರ ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಕಂಡಕ್ಟರು ಲಕೋಟೆ ಕೊಟ್ಟ. ಅವತ್ತು ಅವನು ತಮಾಷೆ ಮಾಡಲಿಲ್ಲ, ಸುಮ್ಮನೆ ನಗುತ್ತಿದ್ದ. ನಾನು ನಿಂತಲ್ಲೇ ದಾರ ತೆಗೆದು ಎರಡನ್ನೂ ಜೋಡಿಸಿ ಹಿಡಿದೆ. ಕೆಂಪು ದಾರ ಬಿಳಿಯದಕ್ಕಿಂತ ಗಿಡ್ಡವಾಗಿತ್ತು. ಊದಿದ ಕಾಲು ಒಳ್ಳೆಯ ಕಾಲಿಗಿಂತ ಸಣ್ಣಗಾಗಿದೆ. ಹೀಗೆ ಆಗುವುದು ಸಾಧ್ಯವೇ ಎಂದು ಇನ್ನೂ ದಾರವನ್ನೇ ನೋಡುತ್ತಿದ್ದೆ. ಯಾರೋ ಡ್ರೈವರ ಪಕ್ಕದ ಬಾಗಿಲಿಂದ ಇಳಿದು, "ಅಮ್ಮೀ," ಎಂದರು.

ಅಣ್ಣ. ನನ್ನನ್ನು ಚಕಿತಗೊಳಿಸಬೇಕೆಂದು ಹೇಳದೆ ಕೇಳದೆ ಇಪ್ಪತ್ತೆರಡು ಮೈಲಿ ಕೂತು ಬಂದಿದ್ದ.

ನಾನು ಅವನ ಮುಖ ನೋಡಲಿಲ್ಲ, ಬಗ್ಗಿ ಪಂಚೆ ಎತ್ತಿದೆ. ಬಸ್‌ಸ್ಟ್ಯಾಂಡಿನ ಜನ ಏನಂದುಕೊಂಡರೋ. ಕಾಲು ಮೊದಲಿನ ಹಾಗೇ ಇತ್ತು. ಬೆಳ್ಳಗೆ, ಬಿಗಿಯಾಗಿ, ಚರ್ಮ ಮಿರಮಿರ ಮಿಂಚುತ್ತ. ನನ್ನ ನೇರಳೆ ಗೆರೆ ಅದರ ಮೇಲೆ ಹಾಗೇ ಇತ್ತು. ಒಂದು ಕೈಯಲ್ಲಿ ದಾರ, ಎದುರಿಗೆ ಆ ಕಾಲು. ದಾರವನ್ನು ಗೆರೆಯ ಮೇಲೆ ಸುತ್ತಿದೆ. ತುದಿಗಳ ನಡುವೆ ಎರಡೂವರೆ ಇಂಚು ಚರ್ಮ ಕಾಣಿಸಿತು.

"ಅಣ್ಣ, ಇದು ಇಳಿದೇ ಇಲ್ವಲ್ಲೋ."

"ನಂಗೂ ಹಂಗೇ ಅನ್ನುಸ್ತು," ಎಂದ ಅವನು. "ನೋಡುದ್ರೆ ದಪ್ಪಗೇ ಕಾಣ್ತಿತ್ತು. ಆದ್ರೆ ನೀನು ಸಮ ಆಗದೆ ಅಂತ ಬರ್ದಿದ್ದೆಯಲ್ಲ. ಅಳ್ದಿರೋದು ನೀನು. ನನ್ ಕಣ್ಣೇ ಸುಳ್ಳು ಯೋಳ್ತದೆ ಅಂದ್ಕಂಡೆ."

ತನ್ನ ಮೈಗೆ ಅಂಟಿದ ಕಾಲನ್ನು ತಾನೇ ನೋಡಿಯೂ, ಇಪ್ಪತ್ತೆರಡು ಮೈಲಿ ದೂರದಲ್ಲಿ ಕೂತು ನಾನು ಬರೆದ ಅಂಕಿಯನ್ನು ಅವನು ನಂಬಿದ್ದ.

ಮೂಟೆಯ ಮೇಲೆ ಕೂರಿಸಿ ಕಾಲು ಮೇಲಿಡಿಸಿದೆವು. ಕಂಡಕ್ಟರು ಎತ್ತಿನ ಗಾಡಿ ತರಲು ಓಡಿದ. ಗಾಡಿ ಬರುವ ಮುಂಚೆಯೇ, ಐದು ಗಂಟೆ ಐದು ನಿಮಿಷಕ್ಕೆ, ಅಣ್ಣ ಬಲಪಕ್ಕೆಯನ್ನು ಹಿಡಿದುಕೊಂಡ. ಉಸಿರು ಎಳೆದರೆ ಚೂರಿ ಹಾಕಿದ ಹಾಗಾಗುತ್ತದೆ ಎಂದ. ಹಣೆಯಲ್ಲಿ ಬೆವರು, ತುಟಿ ಬೂದಿಯ ಬಣ್ಣ. ಕೆಮ್ಮಿದ. ಟವೆಲಿನ ಮೇಲೆ ಹುಣಸೆಬೀಜದಷ್ಟು ರಕ್ತ.

ಆಸ್ಪತ್ರೆಯಲ್ಲಿ ಮಲಗಿಸಿದಾಗ ಅವನ ಉಸಿರು ನಿಮಿಷಕ್ಕೆ ನಲವತ್ತು. ಅಲ್ಲಿಯ ಡಾಕ್ಟರು ಎದೆಗೆ ಕಿವಿ ಕೊಟ್ಟು ಕೇಳಿ, ಕಾಲು ನೋಡಿ, ನನ್ನನ್ನು ಒಂದೇ ಮಾತು ಕೇಳಿದರು: "ಇಂಥಾ ಕಾಲು ಇಟ್ಕೊಂಡು ಎದ್ದು ಓಡಾಡು ಅಂತ ಯಾರಮ್ಮ ಹೇಳಿದ್ದು?"

"ನಾನು," ಎಂದೆ.

ಅವರು ಇನ್ನೊಮ್ಮೆ ಅವನ ಎದೆಗೆ ಕಿವಿ ಕೊಟ್ಟರು. ಸಣ್ಣ ಚೂರು ಹೋಗಿರಬೇಕು, ದೊಡ್ಡದಾಗಿದ್ದರೆ ಇಷ್ಟು ಹೊತ್ತು ಇರುತ್ತಿರಲಿಲ್ಲ, ಇನ್ನೊಂದು ಹೋಗದ ಹಾಗೆ ನೋಡಿಕೊಳ್ಳಬೇಕು ಎಂದರು. ನಾನು ಗಡಿಯಾರ ಹಿಡಿದು ಉಸಿರು ಎಣಿಸುತ್ತ ಕೂತೆ. ಆರು ಗಂಟೆಗೆ ನಲವತ್ತೆರಡು. ಏಳಕ್ಕೆ ನಲವತ್ತು. ಎಂಟಕ್ಕೆ ಮೂವತ್ತೆಂಟು. ಪ್ರತಿ ಸಲವೂ ಎರಡೆರಡು ಬಾರಿ ಎಣಿಸಿದೆ. ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಬಸ್ಸಿನಲ್ಲಿ ಅಜ್ಜಿ ಬಂದಳು. ಬಂದವಳು ಮೊಮ್ಮಗನ ಹಣೆ ಸವರಿ, ಸೆರಗಿನ ಗಂಟು ಬಿಚ್ಚಿ, ಅರಿಸಿನ ಹಚ್ಚಿದ ಒಂದು ಬಟ್ಟೆಯ ಚೂರನ್ನು ತೆಗೆದಳು. ಅದರೊಳಗೆ ಕೆಂಪು ದಾರದ ತುಂಡುಗಳು ಇದ್ದವು. ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಇದೇನಜ್ಜಿ?"

"ಊತ," ಎಂದಳು. ಗೊತ್ತಿರಬೇಕಾದ್ದನ್ನು ಕೇಳಿದೆನೆಂಬ ಹಾಗೆ ನೋಡಿದಳು. "ನಮ್ ಕುದೇರಲ್ಲಿ ಊತ ಇಳಿಸೋದೇ ಹಿಂಗೆ. ಊದಿದ ಜಾಗುಕ್ಕೆ ನೂಲು ಸುತ್ತಿ ಕತ್ರುಸೋದು. ಮೊದಲ್ನೇ ದಿನ ಒಂದು ಬತ್ತದ ಕಾಳಷ್ಟು ಕಡಿಯೋದು, ಎರಡ್ನೇ ದಿನ ಎರಡು ಕಾಳು, ಮೂರ್ನೇ ದಿನ ಮೂರು. ಹನ್ನೆರಡು ದಿನ ಕಡ್ದು, ತುಂಡೆಲ್ಲ ಕೆರೆಗೆ ಹಾಕುದ್ರೆ ಊತ ಅದ್ರ ಹಿಂದೆ ಓಯ್ತದೆ. ನೀನು ನೂಲು ತಂದ್ಕೊಟ್ಟಾಗ್ಲೇ ಅಂದ್ಕಂಡೆ, ಓದಿದೋಳಾದ್ರೂ ನಮ್ ಮನೆ ಪದ್ಧತಿ ಬುಟ್ಟಿಲ್ಲ ನನ್ ಕೂಸು ಅಂತ."

ನಾನು ಒಂದು ತುಂಡನ್ನು ಎತ್ತಿ ಹಿಡಿದೆ.

"ನೀನು ದಾರ ಕಡಿದು ಕಳಿಸ್ತಿದ್ದೆಯಾ?"

"ಕಡೀದೆ ಕಳುಸುದ್ರೆ ಏನ್ ಬಂತು? ಅಳತೆ ಸರಿಯಾಗೇ ತಗೀತಿದ್ದೆ ಕಣವ್ವ. ನಿನ್ ಗೆರೆ ಮ್ಯಾಲೇ ಸುತ್ತಿ, ಸರಿಯಾಗಿ ಕತ್ರುಸಿ, ಆಮ್ಯಾಕೆ ಕಾಳು ಇಟ್ಟು ಕಡೀತಿದ್ದೆ. ಬಿಳೀದು ಮುಟ್ಟಿಲ್ಲ. ಅದು ಒಳ್ಳೇ ಕಾಲು."

ಹತ್ತು ತುಂಡುಗಳನ್ನೂ ಆಸ್ಪತ್ರೆಯ ಬೆಂಚಿನ ಮೇಲೆ ಉದ್ದದ ಪ್ರಕಾರ ಜೋಡಿಸಿದೆ. ಅತಿ ಚಿಕ್ಕದು ಕಾಲಿಂಚು, ಅತಿ ಉದ್ದದ್ದು ಎರಡೂವರೆ ಇಂಚು. ಪುಸ್ತಕ ತೆರೆದು, ಮೊದಲ ದಿನದ ದಾರದ ಪಕ್ಕ ಮೊದಲ ತುಂಡು, ಎರಡನೇ ದಿನದ್ದಕ್ಕೆ ಎರಡನೆಯದು, ಹೀಗೆ ಹತ್ತನ್ನೂ ಸೇರಿಸಿ ಅಳೆದೆ. ಹದಿನೈದೂ ಮುಕ್ಕಾಲು. ಹದಿನೈದೂ ಮುಕ್ಕಾಲು. ಹದಿನೈದೂ ಮುಕ್ಕಾಲು. ಹತ್ತು ದಿನವೂ ಅದೇ. ನಾನು ಬಿಟ್ಟು ಹೋದ ದಿನದಿಂದ ಆ ಕಾಲು ಒಂದು ಕೂದಲಷ್ಟೂ ಇಳಿದಿರಲಿಲ್ಲ. ಗ್ರಾಫ್ ಕಾಗದದಲ್ಲಿ ನಾನು ಎಳೆದ ಆ ನೇರವಾದ ಗೆರೆ ಅಣ್ಣನ ಕಾಲಿನದಲ್ಲ, ಅಜ್ಜಿಯ ಭತ್ತದ ಕಾಳಿನದು.

ಅಜ್ಜಿಯನ್ನು ಬೈಯಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು. ದನಿಯಲ್ಲಿ ಕೋಪವಿರಲಿಲ್ಲ, ಬೇಜಾರಿತ್ತು.

"ಇನ್ನೆರಡೇ ದಿನ ಇತ್ತು ಕೂಸೇ. ಹನ್ನೆರಡು ತುಂಬಿರ್ನಿಲ್ಲ. ಅಷ್ಟ್ರೊಳಗೆ ನೀನ್ಯಾಕೆ ಎಬ್ಬಿಸ್ಬುಟ್ಟೆ?"

ಎಬ್ಬಿಸಿದವಳು ನಾನೇ. ಅವಳು ನನಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕಡಿದದ್ದನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಳು. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು. ನಾನು ಕೇಳಿರಲಿಲ್ಲ.

ಮಂಚದ ಮೇಲಿಂದ ಅಣ್ಣ, ಅರ್ಧ ಉಸಿರಿನಲ್ಲಿ, "ಇಬ್ರೂ ಆಚೆ ಓಗಿ ಜಗಳ ಆಡಿ. ನಂಗೆ ನಗು ಬಂದ್ರೆ ಪಕ್ಕೆ ನೋಯ್ತದೆ," ಎಂದ.

ಅವನು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಮೂವತ್ತಮೂರು ದಿನ ಮಲಗಿದ್ದ. ಮೊದಲ ಐದು ದಿನ ಬದುಕುತ್ತಾನೆಂದು ಯಾರೂ ಹೇಳಲಿಲ್ಲ. ಆರನೇ ದಿನ ಕೆಮ್ಮಿನಲ್ಲಿ ರಕ್ತ ನಿಂತಿತು. ಒಂಬತ್ತನೇ ದಿನ ಉಸಿರು ಇಪ್ಪತ್ತನಾಲ್ಕಕ್ಕೆ ಇಳಿಯಿತು. ಶಿಬಿರ ಮುಗಿದ ಮೇಲೆ ರಜೆ ಹಾಕಿ ದಿನಾ ಬೆಳಗ್ಗೆ ನಾನೇ ಟೇಪು ಹಿಡಿದೆ. ಅಜ್ಜಿ ಬಾಕಿ ಉಳಿದ ಎರಡು ದಿನದ ನೂಲನ್ನೂ ಸುತ್ತಿ ಕಡಿದಳು. ಬೇಡ ಎನ್ನುವ ಶಕ್ತಿ ನನಗಿರಲಿಲ್ಲ. ನಾನು ಅಳೆದಾದ ಮೇಲೆ ಅವಳು ಕಡಿಯಬೇಕು ಎಂದಷ್ಟೇ ಹೇಳಿದೆ, ಅವಳು ಒಪ್ಪಿದಳು. ಹನ್ನೆರಡು ತುಂಡನ್ನೂ ಕೆರೆಗೆ ಹಾಕಿ ಬಂದ ಮರುದಿನ ಕಾಲು ಹದಿನೈದೂವರೆ ತೋರಿಸಿತು. ಅದಾದ ನಾಲ್ಕು ದಿನಕ್ಕೆ ಹದಿನೈದು. ಈ ಅಂಕಿಗಳನ್ನು ಎರಡೆರಡು ಬಾರಿ ಅಳೆದು ಬರೆದಿದ್ದೇನೆ. ಅಜ್ಜಿ ನನ್ನ ಕಡೆ ನೋಡಿದಳು.

ಅಣ್ಣ ಈಗ ಓಡಾಡುತ್ತಾನೆ. ಸಂಜೆಯ ಹೊತ್ತಿಗೆ ಎಡಗಾಲು ಊದುತ್ತದೆ. ದಿನವಿಡೀ ಕ್ಲಚ್ಚು ತುಳಿಯಲು ಆಗುವುದಿಲ್ಲವೆಂದು ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಬುಕಿಂಗ್ ಕೆಲಸಕ್ಕೆ ಸೇರಿದ್ದಾನೆ. ಎರಡೂವರೆಯ ಬಸ್ಸು ಹೊರಡುವಾಗ ಗೇರಿನ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಾನೆ ಎಂದು ಕಂಡಕ್ಟರು ಹೇಳಿದ.

ಇದನ್ನು ಬರೆಯುತ್ತಿರುವುದು ಎರಡು ವರ್ಷದ ಮೇಲೆ. ನನಗೆ ಎರಡು ವಿಷಯ ಇನ್ನೂ ಗೊತ್ತಾಗಿಲ್ಲ. ಆ ಹತ್ತು ದಿನ ನಿಜವಾದ ಅಂಕಿ ಡಾಕ್ಟರ ಕೈ ಸೇರಿದ್ದರೆ ಅವರು ಬೇರೇನಾದರೂ ಮಾಡುವುದಿತ್ತೇ, ಇಲ್ಲವೇ ಸುಮ್ಮನೆ ಮಲಗಿಸಿಯೇ ಇಡುತ್ತಿದ್ದರೇ? ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ, ಟೇಪಿಗಿಂತ ಚೆನ್ನಾಗಿ ಒಳಗಿನ ಹೆಪ್ಪನ್ನು ತಿಳಿಯುವ ದಾರಿ ಎಲ್ಲಾದರೂ ಇದೆಯೇ? ವೈದ್ಯರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಸಬೇಕು. ಎರಡನೆಯದು ನೂಲು ಕಡಿಯುವ ವಿಷಯ. ಕುದೇರಿನ ಕಡೆಯವರಾಗಲಿ, ಗುಂಡ್ಲುಪೇಟೆ ಹತ್ತಿರದ ಹಂಗಳದ ಕಡೆಯವರಾಗಲಿ, ತಮ್ಮ ಮನೆಯಲ್ಲಿ ಹೀಗೆ ಕಡಿದದ್ದನ್ನು ನೋಡಿದ್ದರೆ, ಊತ ಎಷ್ಟಿತ್ತು, ಎಷ್ಟು ದಿನಕ್ಕೆ ಇಳಿಯಿತು, ಇಲ್ಲವೇ ಇಳಿಯಲೇ ಇಲ್ಲವೇ ಎಂಬುದನ್ನು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಇಳಿಯದೆ ಹೋದವರ ಮನೆಯವರೂ ಬರೆಯಿರಿ. ತಾರೀಕು ನೆನಪಿದ್ದರೆ ತಾರೀಕನ್ನೂ ಹಾಕಿ.